ಕುರಿಯ ರಕ್ತವೋ, ಮನುಷ್ಯನದೋ?

ಹೋದ ತಿಂಗಳು ಬಿದರೆಹಳ್ಳ ಕಾವಲ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಪಿಯುಸಿ ಮುಗಿಸಿದ ಅವಳ ಮಗಳು, "ಮಾವ, ನಾನು ಫೊರೆನ್ಸಿಕ್ ಓದ್ತೀನಿ. ರಕ್ತದ ಕಲೆ ಪರೀಕ್ಷೆ ಮಾಡೋ ಕೆಲಸ" ಅಂದಳು. ಭಾವ ರೇಗಿದರು: "ಪಕ್ಕದಲ್ಲೇ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ನಿನಗ್ಯಾಕೆ ಹೆಣದ ಸಹವಾಸ?"

ನ್ಯಾಯ ನನ್ನ ತಲೆಗೆ ಬಂತು. ಒಂದಿಷ್ಟು ಓದಿಕೊಂಡೆ.

ಹಿಂದೆಲ್ಲ ಮಚ್ಚಿಗೆ ರಕ್ತ ಅಂಟಿದ್ದರೆ "ಕುರಿ ಕಡಿದಿದ್ದೆ ಸ್ವಾಮಿ" ಅಂದುಬಿಡಬಹುದಿತ್ತು. ನಿಜ ಹೇಳಿದವನಿಗೂ ಅದನ್ನು ಸಾಧಿಸುವ ದಾರಿ ಇರಲಿಲ್ಲ! 1901ರಲ್ಲಿ ಜರ್ಮನಿಯ ಪಾಲ್ ಊಲೆನ್‌ಹೂತ್ ಮನುಷ್ಯನ ರಕ್ತವನ್ನೂ ಪ್ರಾಣಿಗಳದ್ದನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆ ಕೊಟ್ಟ. 1910ರಲ್ಲಿ ಕಲ್ಕತ್ತೆಯಲ್ಲೂ ಸರ್ಕಾರ ಇಂಥ ಪರೀಕ್ಷೆಗೆ ಸೀರಾಲಜಿ ವಿಭಾಗ ತೆರೆಯಿತು.

ಕಲೆಯ ಆಕಾರ ಓದುವ ವಿದ್ಯೆಯೇ ಬೇರೆ. ನೇರ ಬಿದ್ದ ಹನಿ ದುಂಡಗಿರುತ್ತದೆ, ಓರೆಯಾಗಿ ಬಿದ್ದದ್ದು ಉದ್ದವಾಗುತ್ತದೆ. ಎಡುವರ್ಡ್ ಪಿಯೋತ್ರೋವ್‌ಸ್ಕಿ 1895ರಲ್ಲೇ ಇದರ ಮೇಲೆ ಪ್ರಯೋಗ ಮಾಡಿ ಬರೆದಿದ್ದ. ಆದರೆ 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, ಈ ವಿದ್ಯೆಯಲ್ಲಿ ಅನಿಶ್ಚಿತತೆ ವಿಪರೀತ ಎಂದು ಎಚ್ಚರಿಸಿತು.

ನಮ್ಮಲ್ಲಿ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಗಡುವು. ಅಂದಮೇಲೆ ಜನ ಬೇಕಲ್ಲ?

ಭಾವನಿಗೆ ಹೇಳಿದೆ: "ಇದು ಹೆಣದ ಸಹವಾಸ ಅಲ್ಲ ಭಾವ. ತಪ್ಪು ಮಾಡದವನು ಜೈಲಿಗೆ ಹೋಗದಂತೆ ನೋಡೋ ಕೆಲಸ. 'ಈ ಕಲೆಯಿಂದ ಇಷ್ಟೇ ಗೊತ್ತಾಗೋದು' ಅಂತ ಕೋರ್ಟಲ್ಲಿ ಹೇಳೋ ಧೈರ್ಯ ಇರೋರು ಬೇಕು."

ಅರ್ಜಿ ಇನ್ನೂ ಟಿವಿ ಮೇಲೇ ಇದೆಯಂತೆ, ಸಹಿ ಬಿದ್ದಿಲ್ಲ... ನೀವೇನಂತೀರಿ?