ಒಂದು ತಳಿ, ಹಲವು ಕವಲು

ನದೀಮೂಲವನ್ನೂ ಋಷಿಮೂಲವನ್ನೂ ಕೇಳಬಾರದೆಂಬುದು ಹಿರಿಯರ ಮಾತು. ಆದರೆ ನಮ್ಮ ಕಡೆ 'ಅಲ್ಸೇಷಿಯನ್' ಎಂಬ ಹೆಸರಿನಿಂದ ಪರಿಚಿತವಾದ ಜರ್ಮನ್ ಶೆಫರ್ಡ್ ನಾಯಿಯ ಮೂಲವನ್ನು ಕೇಳಲು ಅಂಜಬೇಕಾಗಿಲ್ಲ. ಅದು ವರ್ಷ, ತಿಂಗಳು, ತಾರೀಖು ಸಹಿತವಾಗಿ ದೊರೆಯುತ್ತದೆ. ತೊಡಕಿರುವುದು ಮೂಲದಲ್ಲಲ್ಲ, ಕವಲುಗಳಲ್ಲಿ. ಈ ಹೆಸರನ್ನು ಹೊತ್ತ ಎರಡು ನಾಯಿಗಳನ್ನು ಇಂದು ಅಕ್ಕಪಕ್ಕ ನಿಲ್ಲಿಸಿದರೆ ಒಂದು ಕಪ್ಪು ಮತ್ತು ಕೆಂಗಂದು ಬಣ್ಣದ್ದು, ಬೆನ್ನು ಹಿಂದಕ್ಕೆ ಇಳಿಜಾರಾದುದು. ಅದು ಪ್ರದರ್ಶನದ ಕವಲು. ಇನ್ನೊಂದು ತೋಳದಂತೆ ಬೂದು ಬಣ್ಣದ್ದು, ಬೆನ್ನು ನೆಟ್ಟಗಿರುವುದು. ಅದು ದುಡಿಮೆಯ ಕವಲು. ಇವೆರಡೂ ಒಂದೇ ತಳಿಯೇ? ಉತ್ತರವನ್ನು ಇತಿಹಾಸದಲ್ಲಿ ಅರಸೋಣ.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಕುರಿಗಾಹಿಗಳ ನಾಯಿಗಳು ಒಂದೇ ರೂಪದವಾಗಿರಲಿಲ್ಲ. ತ್ಯೂರಿಂಗಿಯ ಪ್ರಾಂತದವು ನಿಮಿರಿದ ಕಿವಿಯವು, ಬೂದು ಬಣ್ಣದವು. ವುರ್ಟೆಂಬರ್ಗಿನವು ದೊಡ್ಡ ಮೈಕಟ್ಟಿನವು. 1899ನೆಯ ಏಪ್ರಿಲ್ 3ರಂದು ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿಯು ಕಾರ್ಲ್ಸ್‌ರೂಹೆಯ ಪ್ರದರ್ಶನದಲ್ಲಿ ಒಂದು ನಾಯಿಯನ್ನು ಕಂಡು ಕೊಂಡುಕೊಂಡನು. ಅದಕ್ಕೆ ಹೋರಾಂಡ್ ಫಾನ್ ಗ್ರಾಫ್ರಾತ್ ಎಂದು ಹೊಸ ಹೆಸರಿಟ್ಟನು. ಅದೇ ತಿಂಗಳ 22ರಂದು ಈ ನಾಯಿಗಾಗಿ ಒಂದು ಸಂಘವೇ ಹುಟ್ಟಿತು. ಸಂಘದ ವಂಶಾವಳಿ ಪುಸ್ತಕದಲ್ಲಿ ಹೋರಾಂಡನಿಗೆ ಒಂದನೆಯ ಸಂಖ್ಯೆ. ಆದುದರಿಂದ ಈ ತಳಿಯು ಆದಿಯಲ್ಲಿಯೇ ಹಲವು ಪ್ರಾಂತಗಳ ರಕ್ತದ ಸಂಗಮ. ಅವನ್ನು ಒಂದುಗೂಡಿಸಿದುದು ರೂಪವಲ್ಲ. ಒಂದು ಪುಸ್ತಕ ಮತ್ತು ಒಂದು ಉದ್ದೇಶ. ನಾಯಿಯು ದುಡಿಯಲು ತಕ್ಕುದಾಗಿರಬೇಕೆಂಬುದೇ ಸ್ಟೆಫಾನಿಟ್ಸನ ಉದ್ದೇಶ. ಕುರಿ ಕಾಯುವ ಕೆಲಸವು ಕುಗ್ಗುತ್ತ ಬಂದಾಗ ಅವನು ಇದನ್ನು ಪೊಲೀಸರ ಮತ್ತು ಸೈನ್ಯದ ಕೆಲಸಕ್ಕೆ ಹಚ್ಚಲು ಯತ್ನಿಸಿದನು.

ರೂಪವಾದರೋ ಆಗಾಗ ಬದಲಾಯಿತು. ನಾಯಿಗಳು ತೀರ ಎತ್ತರವಾಗುತ್ತಿವೆಯೆಂದು ಕಂಡಾಗ, 1925ರಲ್ಲಿ ಕ್ಲೋಡೋ ಫಾನ್ ಬಾಕ್ಸ್‌ಬರ್ಗ್ ಎಂಬ, ಎತ್ತರ ಕಡಿಮೆಯ ನೀಳ ಮೈಯ ನಾಯಿಗೆ ಅಗ್ರಸ್ಥಾನ ದೊರೆಯಿತು. ಅದರ ಸಂತತಿ ಎಲ್ಲೆಡೆ ಹಬ್ಬಿತು. ಹೆಸರೂ ಬದಲಾಯಿತು. ಮೊದಲನೆಯ ಮಹಾಯುದ್ಧದ ದ್ವೇಷದಲ್ಲಿ 'ಜರ್ಮನ್' ಎಂಬ ಪದವೇ ಬೇಡವಾಗಿ ಇಂಗ್ಲೆಂಡಿನವರು ಇದನ್ನು ಅಲ್ಸೇಷಿಯನ್ ಎಂದರು. ಹಳೆಯ ಹೆಸರು ಅಲ್ಲಿ ಮರಳಿದುದು 1977ರಲ್ಲಿ. ಹೆಸರು ಬದಲಾದ ಮಾತ್ರಕ್ಕೆ ತಳಿ ಬೇರೆಯಾಗಲಿಲ್ಲ.

ಎರಡನೆಯ ಯುದ್ಧಾನಂತರ ಜರ್ಮನಿಯೇ ಇಬ್ಭಾಗವಾಯಿತು. ನಾಯಿಗಳ ನಡುವೆಯೂ ಗಡಿ ಬಿದ್ದಿತು. ಪೂರ್ವದಲ್ಲಿ ಗಡಿಗಾವಲಿಗೆ ಒದಗುವ ಗಟ್ಟಿ ಎಲುಬಿನ, ಕಪ್ಪು ಛಾಯೆಯ ನಾಯಿಗಳು ಬೆಳೆದವು. ಜೆಕೊಸ್ಲೊವಾಕಿಯದ ಗಡಿ ಪಡೆಯವರೂ ತಮ್ಮದೇ ಕವಲನ್ನು ಬೆಳೆಸಿದರು. ಪಶ್ಚಿಮದಲ್ಲಿ ಪ್ರದರ್ಶನದ ಕಣವು ಪ್ರಬಲವಾಗಿ, 1970ರ ದಶಕದ ಕೆಲವೇ ಗಂಡುನಾಯಿಗಳ ರಕ್ತವು ಅಲ್ಲಿಯ ಮರಿಗಳಲ್ಲೆಲ್ಲ ಹರಿಯಿತು. 1990ರಲ್ಲಿ ನಾಡು ಒಂದಾಯಿತು; ಆದರೆ ಪ್ರದರ್ಶನದವರೂ ದುಡಿಮೆಯವರೂ ತಮ್ಮ ನಾಯಿಗಳನ್ನು ಪರಸ್ಪರ ಕೂಡಿಸುವುದು ಇಂದಿಗೂ ವಿರಳ.

ಬಿಳಿಯ ನಾಯಿಯ ಕಥೆಯು ಇನ್ನೂ ಬೋಧಪ್ರದವಾದುದು. ಹೋರಾಂಡನ ತಾಯಿಯ ತಂದೆಯೇ ಬಿಳಿಯ ನಾಯಿಯೆನ್ನುತ್ತಾರೆ. ಆದರೂ ಜರ್ಮನಿಯಲ್ಲಿ 1930ರ ದಶಕದಲ್ಲಿ ಆ ಬಣ್ಣಕ್ಕೆ ಬಹಿಷ್ಕಾರ ಬಿದ್ದಿತು. ಬಿಳಿಯ ನಾಯಿಗಳು ಅಮೆರಿಕದಲ್ಲಿ ಉಳಿದು, ಸ್ವಿಟ್ಜರ್ಲೆಂಡಿಗೆ ಬಂದು, 1991ರಲ್ಲಿ ಅಲ್ಲಿಯ ಪುಸ್ತಕವನ್ನು ಸೇರಿದವು. 2011ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವು ಅವನ್ನು ಬೇರೆಯೇ ತಳಿಯೆಂದು ಪೂರ್ಣವಾಗಿ ಒಪ್ಪಿತು. ಇತ್ತ ಬಹುಕಾಲ ಹೊರಗಿದ್ದ ಉದ್ದ ಕೂದಲಿನ ನಾಯಿಗೆ 2010ರ ನಿಯಮವು ಮತ್ತೆ ಬಾಗಿಲು ತೆರೆಯಿತು. ಒಂದೇ ಬೇರಿನ ಮಕ್ಕಳಲ್ಲಿ ಒಬ್ಬರು ಹೊರಗೆ, ಒಬ್ಬರು ಒಳಗೆ! ಇಲ್ಲಿ ತೀರ್ಪಿತ್ತುದು ರಕ್ತವಲ್ಲ, ಮನುಷ್ಯರ ನಿರ್ಣಯ.

ಹಾಗಾದರೆ ಪ್ರದರ್ಶನದ ನಾಯಿಯೂ ದುಡಿಮೆಯ ನಾಯಿಯೂ ಒಂದೇ ತಳಿಯೇ? ಪುಸ್ತಕವನ್ನು ಕೇಳಿದರೆ ಒಂದೇ. ಮೂಲವನ್ನು ಕೇಳಿದರೂ ಒಂದೇ. ಜರ್ಮನಿಯ ಸಂಘದಲ್ಲಿ ಪ್ರದರ್ಶನದ ನಾಯಿಯು ದುಡಿಮೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ದುಡಿಮೆಯ ನಾಯಿಯು ರೂಪದ ಪರೀಕ್ಷೆಗೆ ನಿಲ್ಲಬೇಕು. ಆ ಮೇಲೆಯೇ ಸಂತಾನಕ್ಕೆ ಪೂರ್ಣ ಸಮ್ಮತಿ. ಎರಡು ಕವಲುಗಳನ್ನು ಇನ್ನೂ ಬಿಗಿದಿರುವ ಹಗ್ಗವಿದು. ಆದರೆ ಕೊಡುಕೊಳುವಿಕೆಯನ್ನು ಕೇಳಿದರೆ ಉತ್ತರವು ತಡವರಿಸುತ್ತದೆ. ಕೂಡದೆ ಬೆಳೆದ ಕವಲುಗಳು ತಲೆಮಾರಿನಿಂದ ತಲೆಮಾರಿಗೆ ದೂರವಾಗುವುದು ಸೃಷ್ಟಿನಿಯಮ.

ಆದಕಾರಣ ನಮ್ಮ ಅಭಿಪ್ರಾಯವಿದು: ಇಂದಿಗೆ ಇವು ಒಂದೇ ತಳಿ. ಆದರೆ ಈ ಐಕ್ಯವು ಪಿತ್ರಾರ್ಜಿತವಾಗಿ ಬಂದ ಆಸ್ತಿಯಲ್ಲ. ಪ್ರತಿಯೊಂದು ತಲೆಮಾರೂ ದುಡಿದು ಗಳಿಸಬೇಕಾದುದು. ಪರೀಕ್ಷೆಯು ಹೆಸರಿಗಷ್ಟೇ ಉಳಿದು, ನೆಂಟಸ್ತಿಕೆ ಪೂರ್ತಿ ನಿಂತ ದಿನ, ಪುಸ್ತಕದ ರಟ್ಟಿನ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಪುಟಗಳಲ್ಲಿ ಎರಡು ತಳಿಗಳಿರುವುವು.