ತುಲಾದ ಗಿಡ್ಡ ಕೋವಿ

ಕಲಾಶ್ನಿಕೋವ್ ಹೆಸರು ಕೇಳದವರಿಲ್ಲ. ಗೆರ್ಮನ್ ಕೊರೊಬೊವ್ ಹೆಸರು ಮಾತ್ರ ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಬದುಕೆಲ್ಲ ಲೇತ್ ಮುಂದೆ ನಿಂತು ಲೋಹ ಕಡೆದ ನನಗೆ ಇದು ನೋವಿನ ಸಂಗತಿ.

ಮಾಸ್ಕೋಗೆ ದಕ್ಷಿಣದ ತುಲಾ ಊರಿಗೆ ಕೋವಿ ಹಳೆಯ ಕಸುಬು. ಅಲ್ಲಿನ ಸರ್ಕಾರಿ ಕೋವಿ ಕಾರ್ಖಾನೆಗೆ ರಷ್ಯಾದ ಪೀಟರ್ ದೊರೆ ಆಜ್ಞೆ ಕೊಟ್ಟದ್ದು 1712ರಲ್ಲಿ. ಕೊರೊಬೊವ್ ಆ ಊರಿನ ವಿನ್ಯಾಸಗಾರರು. 1950ರ ದಶಕದಲ್ಲಿ ಅವರು ಮಾಡಿದ ಟಿಕೆಬಿ-517 ಕೋವಿ ಹಗುರವಾಗಿತ್ತು. ಎಡೆಬಿಡದೆ ಹಾರಿಸಿದಾಗ ಅದರ ಗುರಿ ಕಲಾಶ್ನಿಕೋವ್ ಕೋವಿಗಿಂತ ಚೆನ್ನಾಗಿತ್ತು. ಆದರೂ 1959ರಲ್ಲಿ ಸೋವಿಯತ್ ಸೇನೆ ಒಪ್ಪಿದ್ದು ಕಲಾಶ್ನಿಕೋವ್ ಅವರ ಎಕೆಎಂ ಕೋವಿಯನ್ನು.

ಅಷ್ಟಕ್ಕೆ ಅವರು ಕೈಚೆಲ್ಲಿ ಕೂರಲಿಲ್ಲ. 1960ರ ದಶಕದಲ್ಲಿ ಟಿಕೆಬಿ-022 ಬಂತು. ಎಕೆಎಂ ನಳಿಗೆ 415 ಮಿಲಿಮೀಟರ್, ಇಡೀ ಕೋವಿ 880. ಕೊರೊಬೊವ್ ಕೋವಿಯ ನಳಿಗೆಯೂ 415, ಆದರೆ ತುದಿಯಿಂದ ತುದಿಗೆ ಬರೀ 525! ಕುದುರೆಯ (ಟ್ರಿಗರ್) ಹಿಂದೆ ಮ್ಯಾಗಜಿನ್ ಇಟ್ಟರೆ ಉದ್ದ ತಗ್ಗುತ್ತದೆ, ಸರಿ; ಆದರೆ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದಕ್ಕೆ ಸರಿಯಲು ಜಾಗ ಬೇಕಲ್ಲ? ಕೊರೊಬೊವ್ ಬೋಲ್ಟನ್ನು ಹಿಂದೆ ಮುಂದೆ ಓಡಿಸಲೇ ಇಲ್ಲ. ಬಾವಿಯ ಕೊಡದಂತೆ ಮೇಲೆ ಕೆಳಗೆ ಆಡಿಸಿದರು. ತೋಟಾವನ್ನು ಒಳಕ್ಕೆ ತಳ್ಳಲು, ಖಾಲಿಯಾದದ್ದನ್ನು ಎಳೆಯಲು ಬೇರೊಂದು ಭಾಗ. ಖಾಲಿ ತೋಟಾ ನಳಿಗೆಯ ಮೇಲಿನ ಕೊಳವೆಯಲ್ಲಿ ಸಾಗಿ ಮುಂದಕ್ಕೆ ಬೀಳುತ್ತದೆ. ಹಾಗಾಗಿ ಎಡ ಹೆಗಲಿಗಿಟ್ಟು ಹಾರಿಸುವವನ ಮುಖಕ್ಕೆ ಅದು ಸಿಡಿಯುವ ಭಯವಿಲ್ಲ. ಇಷ್ಟು ಚಲನೆಗಳನ್ನು ಅಷ್ಟು ಇಕ್ಕಟ್ಟಿನಲ್ಲಿ ಒಂದರ ಹಿಂದೊಂದು ತಪ್ಪದೆ ನಡೆಸಬೇಕಾದರೆ ಎಂಥ ಕೈ, ಎಂಥ ಕಣ್ಣು ಬೇಕು ಎಂಬುದು ಕಸುಬಿನವರಿಗೆ ಗೊತ್ತು.

ಕೊರತೆಗಳೂ ಇದ್ದವು. ತೂಕವೆಲ್ಲ ಹಿಂಬದಿಗೆ ಜಗ್ಗುತ್ತಿತ್ತು. ಮೈಯೆಲ್ಲ ಪ್ಲಾಸ್ಟಿಕ್, ಕಾದ ನಳಿಗೆಯ ಪಕ್ಕದಲ್ಲಿ, ವರ್ಷಗಟ್ಟಲೆ ಉಗ್ರಾಣದಲ್ಲಿ ಅದು ತಾಳೀತೇ ಎಂಬ ಶಂಕೆ ಸೇನೆಯವರಿಗಿತ್ತು. ಲಕ್ಷಾಂತರ ಸೈನಿಕರು ಎಕೆಎಂ ಕಲಿತಾಗಿತ್ತು, ಕಾರ್ಖಾನೆಗಳೂ ಅದಕ್ಕೇ ಸಜ್ಜಾಗಿದ್ದವು. ಸೇನೆಯ ತೀರ್ಮಾನವನ್ನು ನಾನು ತಪ್ಪೆನ್ನಲಾರೆ: ಯುದ್ಧಕ್ಕೆ ಬೇಕಾದದ್ದು ಪರಿಚಿತ ಆಯುಧ. ಆದರೆ ಸೇನೆಗೆ ಬೇಡವಾದ ಮಾತ್ರಕ್ಕೆ ಆ ಕೆಲಸ ಸೋತ ಕೆಲಸವಾಗುವುದಿಲ್ಲ.

ಹೀಗೆಯೇ ಖಾಲಿ ತೋಟಾವನ್ನು ಮುಂದಕ್ಕೆ ದಾಟಿಸುವ ಎಫ್2000 ಕೋವಿಯನ್ನು ಬೆಲ್ಜಿಯಂನ ಎಫ್‌ಎನ್ ಕಂಪನಿ ಹೊರತಂದದ್ದು 2001ರಲ್ಲಿ. 1913ರಲ್ಲಿ ಹುಟ್ಟಿದ ಕೊರೊಬೊವ್ ಆಗಿನ್ನೂ ಬದುಕಿದ್ದರು.