ಕಲ್ಲಿನಿಂದ ಕಂಪ್ಯೂಟರಿಗೆ: ನಮ್ಮ ನೆನಪುಗಳ ಸ್ಥಳಾಂತರದ ಇತಿಹಾಸ



ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತ ಹಳೆಯ ಕಂಪ್ಯೂಟರ್ ಒಂದಿದೆಯೇ? ಅದನ್ನು ಗುಜರಿಗೆ ಹಾಕುವ ಮುನ್ನ ಈ ಲೇಖನವನ್ನು ಓದಿ. ಹಳೆಯ ಕಂಪ್ಯೂಟರಿನ ಚಿತ್ರಗಳನ್ನು ಹೊಸದಕ್ಕೆ ಸಾಗಿಸುವುದು ಅರ್ಧ ಗಂಟೆಯ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ನೆನಪುಗಳನ್ನು ಒಂದು ಆಸರೆಯಿಂದ ಇನ್ನೊಂದಕ್ಕೆ ಸಾಗಿಸುವ ಈ ಕೆಲಸಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಇತಿಹಾಸವಿದೆ. ಆ ಇತಿಹಾಸದಿಂದ ನಾವು ಕಲಿಯಬೇಕಾದದ್ದು ಬಹಳ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಿಂದಲೇ ಆರಂಭಿಸೋಣ. ಕ್ರಿ.ಶ. ಸುಮಾರು 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರು ಸೇರಿತು. ಊರಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಯಿತು. ಮೂಲ ಒಂದು ಕಡೆ, ಪ್ರತಿ ಇನ್ನೊಂದು ಕಡೆ. ಇಂದು ಕಂಪ್ಯೂಟರ್ ಬಲ್ಲವರು 'ಬ್ಯಾಕಪ್' ಎನ್ನುವುದು ಇದನ್ನೇ ಅಲ್ಲವೇ?

ಕಲ್ಲಿನಿಂದ ಕಾಗದಕ್ಕೆ ಅಕ್ಷರಗಳು ಸಾಗಿದ ಕಥೆ ಇನ್ನೂ ಸ್ವಾರಸ್ಯವಾದುದು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರ ಸುಮಾರಿಗೆ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಅವರು ಆ ಚಿತ್ರಗಳ ನೆರವಿನಿಂದ ಶಾಸನಗಳನ್ನು ಓದಿ, 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು. ಬಳಿಕ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಐದನೆಯದು ನಮ್ಮ ಹಾಸನ ಜಿಲ್ಲೆಯದು, ಪ್ರಕಟವಾದದ್ದು 1902ರಲ್ಲಿ. ರೈಸ್ ಪ್ರತಿ ಶಾಸನಕ್ಕೂ ತಾಲ್ಲೂಕಿನ ಸಂಕ್ಷಿಪ್ತ ಹೆಸರು ಮತ್ತು ಒಂದು ಸಂಖ್ಯೆ ಕೊಟ್ಟರು. ಬೇಲೂರಿನದಕ್ಕೆ ಬೇಲೂರಿನ ಗುರುತು, ಅರಸೀಕೆರೆಯದಕ್ಕೆ ಅರಸೀಕೆರೆಯ ಗುರುತು. ಕಲ್ಲು ಜಾಗ ಬದಲಿಸಿದರೂ ಗುರುತು ಬದಲಾಗುವುದಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದು ಹೊಸ ಸಂಖ್ಯೆಗಳನ್ನು ಕೊಟ್ಟಾಗಲೂ ಹಳೆಯ ಸಂಖ್ಯೆಯನ್ನು ಬಿಡಲಿಲ್ಲ. ಹೊಸ ಮನೆಗೆ ಹೋದರೂ ಹಳೆಯ ವಿಳಾಸ ಮರೆಯಬಾರದೆಂಬ ವಿವೇಕ ಇದು.

ಇನ್ನು ಹಳೇಬೀಡು. ಕ್ಯಾಮೆರಾ ಹುಟ್ಟಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಹೊಯ್ಸಳೇಶ್ವರ ದೇಗುಲದ ಮುಂದೆ ಬಂದು ನಿಂತಿತ್ತು. ರಿಚರ್ಡ್ ಬ್ಯಾನರ್ ಓಕ್ಲಿ ತೆಗೆದ 56 ಚಿತ್ರಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಚಿತ್ರಗಳು 1866ರಲ್ಲಿ ಪುಸ್ತಕವಾದವು. ಅಷ್ಟರಲ್ಲಿ ಪಿಗೌ ತೀರಿಕೊಂಡಿದ್ದರು. ಆದರೂ ಯಾರು ತೆಗೆದ ಚಿತ್ರಗಳೆಂಬುದು ನಮಗೆ ಇಂದು ಗೊತ್ತು. ಏಕೆಂದರೆ ಪುಸ್ತಕದ ಮುಖಪುಟವೇ ಅವರ ಹೆಸರನ್ನು ಹೊತ್ತು ಬಂದಿದೆ. ಚಿತ್ರದ ಜೊತೆಗೆ ಹೆಸರೂ ಪ್ರಯಾಣ ಮಾಡಿದರೆ ಮಾತ್ರ ಅದು ಇತಿಹಾಸ. ಇಲ್ಲದಿದ್ದರೆ ಬರೀ ಹಳೆಯ ಕಾಗದ.

ಡಿಜಿಟಲ್ ಯುಗದಲ್ಲಿ ಈ ಮಾತು ಇನ್ನಷ್ಟು ನಿಜ. 1975ರಲ್ಲಿ ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ, ಒಂದು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು ಬೇಕಾಗಿತ್ತು. 1992ರಲ್ಲಿ ಜೆಪೆಗ್ ಎಂಬ ಮಾದರಿ ಬಂತು. 1995ರಲ್ಲಿ ಬಂದ 'ಎಕ್ಸಿಫ್' ವ್ಯವಸ್ಥೆಯಿಂದ, ತೆಗೆದ ದಿನ ಮತ್ತು ಹೊತ್ತು ಚಿತ್ರದ ಕಡತದೊಳಗೇ ಸೇರಿಕೊಳ್ಳತೊಡಗಿತು. ಆದರೆ ಹೊಸದೆಲ್ಲ ಗಟ್ಟಿಯೆಂದು ಭಾವಿಸಬೇಡಿ. ಇಂಗ್ಲೆಂಡಿನಲ್ಲಿ 1086ರ 'ಡೂಮ್ಸ್‌ಡೇ' ಗ್ರಂಥದ 900ನೇ ವರ್ಷದ ನೆನಪಿಗಾಗಿ ಬಿ.ಬಿ.ಸಿ. 1986ರಲ್ಲಿ ಜನಜೀವನದ ಚಿತ್ರ, ಬರಹಗಳನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಹದಿನಾರೇ ವರ್ಷಗಳಲ್ಲಿ ಆ ಡಿಸ್ಕುಗಳನ್ನು ಓದುವ ಯಂತ್ರ ಸಿಗುವುದೇ ದುರ್ಲಭವಾಗಿ, ಸಂಶೋಧಕರು ಶ್ರಮಪಟ್ಟು ಉಳಿಸಬೇಕಾಯಿತು. ಒಂಬೈನೂರು ವರ್ಷ ಹಳೆಯ ಚರ್ಮದ ಹಾಳೆಗಳು ಮಾತ್ರ ಕಣ್ಣಿಗೆ ಕಾಣುವಂತೆಯೇ ಇದ್ದವು!

ಈಗ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿದ್ದ ವರ್ಷಾನುವರ್ಷದ ಚಿತ್ರಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲವನ್ನೂ ಒಂದೇ ಸಲ ನಕಲು ಮಾಡಿ, ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಟ್ಟೆ. ಮರುದಿನ ನೋಡಿದರೆ ಎಲ್ಲ ಚಿತ್ರಗಳ ರಚನೆಯ ದಿನಾಂಕ ನಾನು ನಕಲು ಮಾಡಿದ ದಿನವೇ ಆಗಿತ್ತು. ಒಳಗಿನ ಎಕ್ಸಿಫ್ ನೋಡೋಣವೆಂದರೆ, ಕ್ಯಾಮೆರಾದ ಗಡಿಯಾರವನ್ನು ಆಗ ಯಾರೂ ಸರಿಪಡಿಸಿರಲಿಲ್ಲ. ಮಳೆಗಾಲದ ಚಿತ್ರವೂ ಜನವರಿ 1 ಎನ್ನುತ್ತಿತ್ತು. ಪಿಕಾಸಾದಲ್ಲಿ ಜೋಡಿಸಿದ್ದ ಆಲ್ಬಮ್‌ಗಳು ಕಾಣಲಿಲ್ಲ. ಆ ವಿಂಗಡಣೆ ಚಿತ್ರಗಳೊಳಗೆ ಇರದೆ, ಆ ತಂತ್ರಾಂಶದ ಬೇರೆ ಕಡತಗಳಲ್ಲಿ ಇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಪಿಕಾಸಾವನ್ನು ಗೂಗಲ್ 2016ರಲ್ಲೇ ನಿಲ್ಲಿಸಿತ್ತು.

ಎಲ್ಲಕ್ಕಿಂತ ದೊಡ್ಡ ಆಘಾತ ಹೆಸರುಗಳ ಪಟ್ಟಿಯದು. ಹಿಂದಿನ ಶಿಕ್ಷಕರು ಕನ್ನಡದ ಪಟ್ಟಿಯನ್ನು ನುಡಿಯಲ್ಲಿ, ಉರ್ದು ಪಟ್ಟಿಯನ್ನು ಇನ್‌ಪೇಜಿನಲ್ಲಿ ಟೈಪ್ ಮಾಡಿಟ್ಟಿದ್ದರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಾವೆಲ್ಲ ಬರೆದದ್ದು ಹಾಗೆಯೇ. ಹೊಸ ಕಂಪ್ಯೂಟರಿನಲ್ಲಿ ಕನ್ನಡ ಪಟ್ಟಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಉರ್ದು ಪಟ್ಟಿ ತೆರೆಯಲೇ ಇಲ್ಲ. ಎರಡೂ ಭಾಷೆ ಕಲಿಸುವ ನಾನು ಎರಡರಲ್ಲೂ ಅನಕ್ಷರಸ್ಥನಾದೆ.

ಅದೇ ವಾರ ಒಬ್ಬ ತಾಯಿ ಶಾಲೆಗೆ ಬಂದರು. ಅವರ ಮಗ ನಮ್ಮಲ್ಲಿ ಓದಿದವನು, ಅಪಘಾತದಲ್ಲಿ ತೀರಿಕೊಂಡಿದ್ದ. "ಮಾಸ್ಟ್ರೇ, ಅವನು ಸ್ಕೂಲಿನಲ್ಲಿದ್ದಾಗಿನ ಒಂದು ಫೋಟೋ ಇದ್ದರೆ ಕೊಡಿ, ನಮ್ಮ ಹತ್ತಿರ ಒಂದೂ ಇಲ್ಲ" ಎಂದರು. ಹಳೇಬೀಡು ಪ್ರವಾಸದ ಚಿತ್ರದಲ್ಲಿ ಅವನಿರಬೇಕು. ಜಗತಿಯ ಮೇಲೆ ಮೂರು ಸಾಲು ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಒಂದೊಂದು ಮುಖವೂ ಕಡಲೆಕಾಳಿನಷ್ಟು. ತಾಯಿ ಬಹಳ ಹೊತ್ತು ನೋಡಿದರು. ಎರಡು ಮುಖಗಳ ಮೇಲೆ ಬೆರಳಿಟ್ಟು, ಇವನೋ ಅವನೋ ಎಂದು ತಡವರಿಸಿದರು. ಆ ಕ್ಷಣ ನನಗಾದ ಸಂಕಟವನ್ನು ಹೇಳಲಾರೆ.

ಪುಣ್ಯಕ್ಕೆ ಹಳೆಯ ಕಂಪ್ಯೂಟರನ್ನು ಇನ್ನೂ ವಿಲೇವಾರಿ ಮಾಡಿರಲಿಲ್ಲ. ಅದನ್ನು ಮತ್ತೆ ಚಾಲೂ ಮಾಡಿದೆ. ನುಡಿ ಅದರಲ್ಲಿತ್ತು, ಇನ್‌ಪೇಜ್ ಕೂಡ ಇತ್ತು. ಪಟ್ಟಿ ತೆರೆಯಿತು: 'ಎರಡನೇ ಸಾಲು, ಎಡದಿಂದ ನಾಲ್ಕು.' ತಾಯಿ ತೋರಿಸಿದ ಇಬ್ಬರಲ್ಲಿ ಒಬ್ಬ ಅವನೇ ಆಗಿದ್ದ. ಚಿತ್ರವನ್ನು ದೊಡ್ಡದು ಮಾಡಿಸಿ ಮನೆಗೆ ತಲುಪಿಸಿದೆ. ಆಮೇಲೆ ಎರಡೂ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಿದೆ. ಬಿಟ್ಟುಹೋದ ಹೆಸರುಗಳನ್ನು ನಿವೃತ್ತ ಶಿಕ್ಷಕರ ಮನೆಗೆ ಹೋಗಿ ಕೇಳಿ ತುಂಬಿಸಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು:

ಚಿತ್ರಗಳನ್ನು ನಕಲು ಮಾಡಿ, 'ಕಟ್' ಮಾಡಬೇಡಿ. ನಡುವೆ ಕರೆಂಟ್ ಹೋದರೆ ಎರಡೂ ಕಡೆ ಕಳೆದುಕೊಂಡೀರಿ.

ಮುಗಿದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ತಾಳೆ ನೋಡಿ. ಅಲ್ಲೊಂದು ಇಲ್ಲೊಂದು ಚಿತ್ರ ತೆರೆದು ಪರೀಕ್ಷಿಸಿ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸುವುದು ಸ್ಥಳಾಂತರವಲ್ಲ. ಅಲ್ಲಿ ಚಿತ್ರ ಕುಗ್ಗುತ್ತದೆ, ಒಳಗಿನ ದಿನಾಂಕವೂ ಅಳಿಯುತ್ತದೆ.

ರೈಸ್ ಶಾಸನಗಳಿಗೆ ಮಾಡಿದಂತೆ ಕಡತದ ಹೆಸರಿನಲ್ಲೇ ವರ್ಷ, ಊರು, ಸಂಖ್ಯೆ ಇರಲಿ. ಜನರ ಹೆಸರುಗಳನ್ನು ಯೂನಿಕೋಡಿನಲ್ಲಿ ಬರೆದು, ಒಂದು ಪ್ರತಿ ಕಾಗದದ ಮೇಲೆಯೂ ಇಡಿ.

ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂಥ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳೇ ತಿಂಗಳುಗಟ್ಟಲೆ ಅಸ್ತವ್ಯಸ್ತವಾದವು. ಒಂದೇ ಜಾಗವನ್ನು ನಂಬುವುದು ಯಾರಿಗೂ ಕ್ಷೇಮವಲ್ಲ.

ಕೊನೆಯದಾಗಿ, ಹೊಸ ಕಂಪ್ಯೂಟರ್ ಬಂದ ದಿನವೇ ಹಳೆಯದನ್ನು ಮಾರಬೇಡಿ. ಕೆಲವು ತಿಂಗಳಾದರೂ ಇರಲಿ.

2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಕಲ್ಲುಗಳನ್ನು ಕಾಯಲು ಇಂದು ಸರ್ಕಾರವಿದೆ, ಜಗತ್ತೇ ಇದೆ. ಆದರೆ ಆ ಜಗತಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡ ನಮ್ಮ ಮಕ್ಕಳ ನೆನಪನ್ನು ಕಾಯಲು ನಾವಲ್ಲದೆ ಇನ್ನಾರೂ ಇಲ್ಲ. ಈ ರಜೆಯಲ್ಲಿ ಮನೆಯ ಹಿರಿಯರ ಪಕ್ಕ ಕುಳಿತುಕೊಳ್ಳಿ, ಒಂದೊಂದೇ ಚಿತ್ರ ತೋರಿಸಿ, "ಇವರು ಯಾರು?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೇಳುವವರು ಇರುವಾಗಲೇ ಕೇಳಬೇಕು.